ಹರಾಜು ಕೂಗುವವನ ಗಂಟಲು

ನನ್ನ ಅಣ್ಣನನ್ನು ಮಾರುಕಟ್ಟೆಯಲ್ಲಿ ಎಲ್ಲರೂ ಮೈಕು ಎಂದೇ ಕರೆಯುತ್ತಿದ್ದರು. ಅತ್ತಿಗೆ ಕೂಡ ಸಿಟ್ಟು ಬಂದಾಗ "ಆ ಮೈಕು ಸ್ವಲ್ಪ ಆಫ್ ಮಾಡಿ, ಮಗು ಎದ್ದುಬಿಡುತ್ತೆ" ಎನ್ನುತ್ತಿದ್ದಳು. ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಲಾರಿಯಿಂದ ಇಳಿಸಿದ ಈರುಳ್ಳಿ ಮೂಟೆಗಳ ಮೇಲೆ ನಿಂತು, ಸುತ್ತ ಮುತ್ತಿಕೊಂಡ ವ್ಯಾಪಾರಿಗಳಲ್ಲಿ ಯಾರು ಬೆರಳೆತ್ತಿದರು, ಯಾರು ಹುಬ್ಬು ಹಾರಿಸಿದರು ಎಂದು ನೋಡುತ್ತ ಬೆಲೆ ಏರಿಸುತ್ತ ಹೋಗುತ್ತಿದ್ದ. ಕೊನೆಯ ಬೆಲೆಯನ್ನು ಅವನು ಮೂರು ಸಲ ಕೂಗಿದನೆಂದರೆ ಮುಗಿಯಿತು, ಮಾಲು ಕೊಂಡವನದು. ಆಮೇಲೆ ಯಾರಾದರೂ ತಕರಾರು ತೆಗೆದರೆ "ಮೈಕು ಕೂಗಿದ್ದು ಕೇಳಿಸಲಿಲ್ವಾ?" ಎಂದು ಉಳಿದವರೇ ಬಾಯಿ ಮುಚ್ಚಿಸುತ್ತಿದ್ದರು. ಕೇಳಿಸಲಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ಆ ಕೂಗು ಕೊನೆಯ ಸಾಲಿನಲ್ಲಿ ಸೊಪ್ಪು ಹರಡಿಕೊಂಡು ಕೂತ ನನಗೂ ಕೇಳುತ್ತಿತ್ತು.

ನಮ್ಮ ಮನೆಯವರಿಗೆಲ್ಲ ಬಾಯಿ ಜೋರು. ಅವನ ಬಾಯಿ ಸಂಬಳ ತರುತ್ತಿತ್ತು, ನನ್ನದು ಜಗಳ ತರುತ್ತಿತ್ತು, ಅಷ್ಟೇ ವ್ಯತ್ಯಾಸ. ಆದರೆ ಮನೆಗೆ ಬಂದ ಮೇಲೆ ಅಣ್ಣ ಬಹಳ ಮೆತ್ತಗಿನ ಮನುಷ್ಯ. ಮಗಳ ಜಡೆ ಹೆಣೆಯುತ್ತ ಅವಳಿಗೂ ಹರಾಜು ಹಾಕುತ್ತಿದ್ದ. "ಈ ಕಡೆ ಜಡೆಗೆ ಒಂದು ಮುತ್ತು, ಒಂದೇ ಮುತ್ತು, ಯಾರಾದ್ರೂ ಎರಡು ಅಂತೀರಾ?" ಮಗು ಬಿದ್ದು ಬಿದ್ದು ನಗುತ್ತಿತ್ತು.

ಅವನ ಕತ್ತಿನಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮೊದಲು ನೆಲ್ಲಿಕಾಯಿಯಷ್ಟಿದ್ದದ್ದು ನೋಡನೋಡುತ್ತ ನಿಂಬೆಹಣ್ಣಿನಷ್ಟಾಯಿತು. ಥೈರಾಯ್ಡ್ ಎಂದರು, ತೆಗೆಸಬೇಕು ಎಂದರು. ಆಪರೇಷನ್ ಮಾಡುವ ಡಾಕ್ಟರ ಬಳಿ ಹೋದಾಗ ಅಣ್ಣನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು ನಾನೇ. ಅವನು ಕೇಳಿದ್ದು ಒಂದೇ ಮಾತು.

"ಕೂಗೋಕೆ ತೊಂದರೆ ಆಗಲ್ಲ ತಾನೇ ಡಾಕ್ಟರೇ? ನಂದು ಅದೇ ಕೆಲಸ."

ಡಾಕ್ಟರು ನಕ್ಕರು. "ಹಾಡೋರಿಗೇ ಮಾಡಿದ್ದೀನಿ. ನೀವು ಇನ್ನೂ ಜೋರಾಗಿ ಕೂಗ್ತೀರಿ, ನೋಡಿ."

ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಅಣ್ಣ ನನ್ನನ್ನು ನೋಡಿ ಬಾಯಿ ತೆರೆದ. ಬರೀ ಗಾಳಿ ಬಂತು. ಮತ್ತೆ ಪ್ರಯತ್ನಿಸಿದ, ಮತ್ತೆ ಗಾಳಿ. ಕತ್ತಿನ ಬ್ಯಾಂಡೇಜು ತೋರಿಸಿ ಕಣ್ಣರಳಿಸಿದ. ನರ್ಸಮ್ಮ "ಗಂಟಲಿಗೆ ನಳಿಗೆ ಹಾಕಿರ್ತಾರೆ, ಎಲ್ಲರಿಗೂ ಹೀಗೇ, ಸರಿಹೋಗುತ್ತೆ" ಎಂದು ದಿಂಬು ಸರಿಮಾಡಿ ಹೋದಳು. ಬೆಳಗ್ಗೆ ಡಾಕ್ಟರು ಹಿಂದೆ ನಾಲ್ಕೈದು ಜನರನ್ನು ಕಟ್ಟಿಕೊಂಡು ಬಂದರು. ಮಂಚದ ಕಾಲ ಬಳಿ ನಿಂತು "ಹೇಗಿದ್ದೀರಿ? ಏನಾದ್ರೂ ತೊಂದರೆ?" ಎಂದರು. ಅಣ್ಣ ಮೊಣಕೈ ಊರಿ ಏಳಲು ಹೋದ, ತುಟಿ ಅಲ್ಲಾಡಿಸಿದ. ಅಷ್ಟರಲ್ಲಿ ಅವರು ಪಕ್ಕದ ಮಂಚಕ್ಕೆ ಹೋಗಿಯಾಗಿತ್ತು. ನಾನು ಕಾಫಿ ತರಲು ಕೆಳಗೆ ಹೋಗಿದ್ದವಳು ಬಾಗಿಲಿಗೆ ಬರುವಷ್ಟರಲ್ಲಿ ಅವರ ಬಿಳಿ ಕೋಟಿನ ಬೆನ್ನು ಮಾತ್ರ ಕಂಡಿತು. ಹಿಂದಿನಿಂದ ಕೂಗಿದೆ. ರೌಂಡ್ಸ್ ಸಮಯದಲ್ಲಿ ಗಲಾಟೆ ಮಾಡಬೇಡಿ ಎಂದು ನನಗೇ ಗದರಿದರು.

ಆಮೇಲೆ ಶುರುವಾಯಿತು ಕಾಯುವುದು. ಪ್ರತಿ ಸಲ ಹೋದಾಗಲೂ ಡಾಕ್ಟರು "ಬರುತ್ತೆ, ಟೈಮ್ ಕೊಡಿ" ಎನ್ನುತ್ತಿದ್ದರು. ಅಣ್ಣ ಉಪ್ಪುನೀರು ಮುಕ್ಕಳಿಸಿದ, ಶಾಲು ಸುತ್ತಿಕೊಂಡ, ಹೇಳಿದ್ದೆಲ್ಲ ಮಾಡಿದ. ನೀರು ಕುಡಿದರೆ ನೆತ್ತಿಗೇರಿ ಕೆಮ್ಮುತ್ತಿದ್ದ. ಗಲ್ಲವನ್ನು ಎದೆಗೆ ಒತ್ತಿಕೊಂಡು ಗುಟುಕು ಗುಟುಕಾಗಿ ನುಂಗುವುದನ್ನು ತಾನೇ ಕಲಿತ. ಮಾರುಕಟ್ಟೆಯವರು ಕೆಟ್ಟವರಲ್ಲ, ಅವನಿಗಾಗಿ ನಿಜವಾದ ಮೈಕನ್ನೇ ತಂದುಕೊಟ್ಟರು. ಅಣ್ಣ ಮೂಟೆ ಹತ್ತಿ ಅದನ್ನು ಬಾಯಿಗೆ ಹಿಡಿದ. ಮಾರುಕಟ್ಟೆಯ ತುಂಬ ಪಂಕ್ಚರಾದ ಟೈರಿನಂತೆ ಬುಸ್ಸೆಂಬ ಸದ್ದು. ಹಿಂದಿನವರು ನಕ್ಕರು, ಅವನ ಮುಖ ನೋಡಿದವರು ಸುಮ್ಮನಾದರು. ಮಂಡಿಯ ಮಾಲೀಕರು ಅವನನ್ನು ತೂಕದ ಕಡೆಗೆ ಹಾಕಿದರು, ಕೂಗಲು ಬೇರೊಬ್ಬನನ್ನು ತಂದರು. ಅಣ್ಣ ಮೈಕನ್ನು ಅವನ ಕೈಗಿಟ್ಟು ತಕ್ಕಡಿಯ ಪಕ್ಕ ಹೋಗಿ ನಿಂತ. 

ಕೂಗುವ ಕೆಲಸ ಹೋದದ್ದಕ್ಕಿಂತ ಅವನನ್ನು ಹಣ್ಣು ಮಾಡಿದ್ದು ಇನ್ನೊಂದು. ದನಿ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಡಾಕ್ಟರು ರಾಗ ಬದಲಾಯಿಸಿದರು. "ಇಷ್ಟು ವರ್ಷ ಕೂಗಿ ಕೂಗಿ ಗಂಟಲು ಸವೆಸಿಕೊಂಡಿದ್ದೀರಿ, ನಾನೇನು ಮಾಡಲಿ?" ಆ ಮಾತು ಹೇಗೋ ಮಾರುಕಟ್ಟೆಗೂ ಬಂತು. ಕುಡಿತ ಇರಬೇಕು ಎಂದರು ಕೆಲವರು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದವನು ನನ್ನಣ್ಣ! ಹಾಗೆಂದ ಒಬ್ಬನ ಮುಖಕ್ಕೆ ನಾನು ಒಂದು ಕಂತೆ ಸೊಪ್ಪು ಎಸೆದೆ. ಅಣ್ಣ ನನ್ನ ಕೈ ಹಿಡಿದು ಕೂರಿಸಿ ಕಿವಿಯಲ್ಲಿ ಉಸುರಿದ.

"ನಾನು ಹಾಳು ಮಾಡ್ಕೊಂಡಿದ್ದಲ್ಲ ಅಂತ ಆ ಡಾಕ್ಟರ ಬಾಯಲ್ಲೇ ಬರಬೇಕು ಕಣೇ. ಅಷ್ಟು ಸಾಕು ನಂಗೆ."

ಅದಕ್ಕಾಗಿ ಕೋರ್ಟಿಗೆ ಹೋಗುವುದೆಂದು ಒಬ್ಬ ಲಾಯರನ್ನು ಹಿಡಿದು, ನಾವು ಊರಿನ ಇನ್ನೊಂದು ತುದಿಯಲ್ಲಿದ್ದ ಹಿರಿಯ ಗಂಟಲು ಡಾಕ್ಟರ ಬಳಿ ಹೋದೆವು. ಅವರು ಮೂಗಿನೊಳಗೆ ಸಣ್ಣ ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದರು. ಒಳಗೆ ದನಿ ಹೊರಡಿಸುವ ಎರಡು ಬಿಳಿ ಪಟ್ಟಿ. ಒಂದು ಅಲ್ಲಾಡುತ್ತಿತ್ತು, ಇನ್ನೊಂದು ಹೆಣದಂತೆ ಬಿದ್ದಿತ್ತು. "ಇದು ಕೂಗಿ ಆಗೋದಲ್ಲ. ಗಂಟು ತೆಗೆಯುವಾಗ ನರ ಕತ್ತರಿಸಿ ಹೋಗಿದೆ. ಕೈತಪ್ಪು ಯಾರಿಗೂ ಆಗಬಹುದು. ಆದರೆ ದನಿ ಹೋಗಿದೆ ಅಂತ ಗೊತ್ತಾದ ತಕ್ಷಣ ನೋಡಬೇಕಿತ್ತು, ಆಗ ಏನಾದರೂ ಮಾಡಬಹುದಿತ್ತು. ಈಗ ಕಾಲ ಮೀರಿದೆ."

ನನಗೆ ಹೋದ ಜೀವ ಬಂದಂತಾಯಿತು. "ಇದನ್ನೇ ಕೋರ್ಟಿನಲ್ಲಿ ಹೇಳಿ ಡಾಕ್ಟರೇ" ಎಂದೆ.

ಅವರು ಕೈಗವಸು ಬಿಚ್ಚಿ ಬಹಳ ಹೊತ್ತು ನಲ್ಲಿಯ ಕೆಳಗೆ ಕೈ ತೊಳೆದರು. "ಇಲ್ಲಮ್ಮ. ಅವನು ನನ್ನ ಶಿಷ್ಯ. ನಾಳೆ ನನ್ನ ಕೈಯೂ ತಪ್ಪಬಹುದು. ನೀವು ಬೇರೆ ಯಾರನ್ನಾದರೂ ಕೇಳಿ."

ಬೇರೆಯವರನ್ನೂ ಕೇಳಿದೆವು. ಕೋಣೆಯೊಳಗೆ ಎಲ್ಲರೂ ಅಯ್ಯೋ ಪಾಪ ಎನ್ನುವವರೇ. ಕೋರ್ಟು ಎಂದ ತಕ್ಷಣ ಒಬ್ಬರಿಗೆ ಮೀಟಿಂಗು, ಇನ್ನೊಬ್ಬರಿಗೆ ಪ್ರಯಾಣ. ನಮ್ಮ ಲಾಯರು ಮಾತ್ರ ಧೈರ್ಯ ತುಂಬುತ್ತಿದ್ದರು. ಅಣ್ಣನ ಆಸೆ ಕೇಳಿ "ಒಪ್ಪಿಕೊಳ್ಳಿ ಅಂತ ಕೇಸು ಹಾಕೋಕಾಗಲ್ಲಮ್ಮ, ಪರಿಹಾರ ಕೇಳಬೇಕು" ಎಂದು ನಕ್ಕು ಅರ್ಜಿ ಬರೆದರು.

ತೀರ್ಪಿನ ವಿಷಯ ಈಗಲೇ ಹೇಳಿಬಿಡುತ್ತೇನೆ. ನಾವು ಸೋತೆವು. ತಪ್ಪಾಗಿದೆ ಎಂದು ಹೇಳುವ ಒಬ್ಬ ವೈದ್ಯರೂ ನಮ್ಮ ಕಡೆಗಿಲ್ಲ ಎಂದು ದೂರು ತಳ್ಳಿಹಾಕಿದರು. ಅದು ನಿರೀಕ್ಷಿಸಿದ್ದೇ. ನನಗೆ ಇವತ್ತಿಗೂ ಸಿಟ್ಟು ಆರದಿರುವುದು ಅದಕ್ಕಿಂತ ಮೊದಲಿನ ವಿಚಾರಣೆಯ ದಿನ.

ಗ್ರಾಹಕರ ದೂರು ಕೇಳುವ ಆ ಕೋಣೆ ಶಾಲೆಯ ಕೊಠಡಿಯಷ್ಟಿತ್ತು. ತಲೆಯ ಮೇಲೆ ಫ್ಯಾನು ಗಡಗಡ ಎನ್ನುತ್ತಿತ್ತು, ಹೊರಗೆ ರಸ್ತೆ, ಬಾಗಿಲಲ್ಲಿ ತಮ್ಮ ಸರದಿಗೆ ಕಾದವರ ಗುಜುಗುಜು. ಅಣ್ಣನನ್ನು ಮುಂದೆ ಕರೆದರು. ಅವನ ಮಾತು ಕೇಳಿಸುವುದಿಲ್ಲ ಎಂದು ನಾನೂ ಜೊತೆಗೆ ನಿಂತೆ. ಡಾಕ್ಟರ ಕಡೆಯ ಲಾಯರು ತಕ್ಷಣ ಎದ್ದರು. "ಸಾಕ್ಷಿಯೇ ಉತ್ತರಿಸಲಿ ಸಾರ್. ತಂಗಿ ಹೇಳಿಕೊಡುವುದು ಬೇಡ." ನ್ಯಾಯಾಧೀಶರು ಒಳ್ಳೆಯ ಮನುಷ್ಯರೇ. ನಿಲ್ಲಲು ಬಿಟ್ಟರು, ಬಾಯಿ ತೆರೆಯಬಾರದು ಎಂದರು. ನನಗೆ! ನಾಲಿಗೆ ಕಚ್ಚಿಕೊಂಡು ನಿಂತೆ.

ಆ ಲಾಯರು ಆಸ್ಪತ್ರೆಯ ಕಡತದಿಂದ ಓದಿದರು. ಆಪರೇಷನ್ನಿನ ಮರುದಿನ, ರೋಗಿಯಿಂದ ಯಾವ ದೂರೂ ಇಲ್ಲ. ಅದರ ಮರುದಿನ, ಯಾವ ದೂರೂ ಇಲ್ಲ. ಮನೆಗೆ ಕಳಿಸುವ ದಿನ, ಯಾವ ದೂರೂ ಇಲ್ಲ.

"ಡಾಕ್ಟರು ದಿನಾ ಬಂದು ತೊಂದರೆ ಇದೆಯಾ ಅಂತ ಕೇಳಿದ್ದಾರೆ. ದನಿ ಹೋಗಿದೆ ಅಂತ ನೀವು ಒಂದು ದಿನವಾದರೂ ಹೇಳಿದಿರಾ?"

ಅಣ್ಣ ಮುಂದೆ ಅಡ್ಡಲಾಗಿದ್ದ ಮರದ ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಕತ್ತಿನ ನರಗಳು ಉಬ್ಬಿದವು. ಮುಖ ಕೆಂಪಾಯಿತು.

"ಸ್ವಲ್ಪ ಜೋರಾಗಿ ಹೇಳಿ" ಎಂದರು ನ್ಯಾಯಾಧೀಶರು, ಕಿವಿಯ ಹಿಂದೆ ಕೈ ಇಟ್ಟು. ಟೈಪು ಮಾಡುವ ಹುಡುಗಿ ಕೀಲಿಗಳ ಮೇಲೆ ಬೆರಳಿಟ್ಟು ಅವನನ್ನೇ ನೋಡುತ್ತಿದ್ದಳು.

ಅಣ್ಣ ಮತ್ತೆ ಹೇಳಿದ. ನಾನು ಅವನ ಭುಜಕ್ಕೆ ಅಂಟಿ ನಿಂತಿದ್ದೆ, ನನಗೆ ಸ್ಪಷ್ಟವಾಗಿ ಕೇಳಿಸಿತು. "ಹೇಳಿದೆ ಸ್ವಾಮಿ. ದಿನಾ ಹೇಳಿದೆ. ಅವರಿಗೆ ಕೇಳಿಸಲಿಲ್ಲ." ಎದುರಿನ ಕುರ್ಚಿಯಲ್ಲಿದ್ದ, ಆಪರೇಷನ್ ಮಾಡಿದ ಡಾಕ್ಟರಿಗೂ ಕೇಳಿಸಿರಬೇಕು, ಇಲ್ಲವೇ ತುಟಿ ನೋಡಿ ತಿಳಿದಿರಬೇಕು. ಅವರು ತಲೆ ತಗ್ಗಿಸಿ ವಾಚಿನ ಪಟ್ಟಿಯನ್ನು ಬಿಚ್ಚುತ್ತ ಮತ್ತೆ ಕಟ್ಟಿಕೊಳ್ಳುತ್ತ ಇದ್ದರು. ನನಗೆ ತಡೆಯಲಾಗಲಿಲ್ಲ. "ಹೇಳಿದೆ ಅಂತಿದ್ದಾನೆ ಸಾರ್, ಅವರನ್ನೇ ಕೇಳಿ" ಎಂದುಬಿಟ್ಟೆ. ಆ ಕಡೆಯ ಲಾಯರು ಮೇಜು ತಟ್ಟಿದರು. ನನ್ನನ್ನು ಬಾಗಿಲ ಬಳಿಗೆ ಕಳಿಸಿದರು.

"ಇನ್ನೇನಾದರೂ ಹೇಳುವುದಿದೆಯೇ?" ನ್ಯಾಯಾಧೀಶರು ಕೇಳಿದರು.

ನಮ್ಮ ಲಾಯರು ಕಂಕುಳಲ್ಲಿ ಮುಂದಿನ ಕೇಸಿನ ಫೈಲು ಹಿಡಿದುಕೊಂಡು ಗಡಿಯಾರ ನೋಡುತ್ತಿದ್ದರು. "ಏನೂ ಇಲ್ಲ ಸಾರ್" ಎಂದರು.

ಅದನ್ನೇ ಬರೆದುಕೊಳ್ಳುವ ಟೈಪಿನ ಸದ್ದು ಶುರುವಾಯಿತು. ಜವಾನ ಇನ್ನೊಂದು ನಂಬರು ಕೂಗಿದ. ಯಾರೋ ಗಂಡ ಹೆಂಡತಿ ನನ್ನನ್ನು ತಳ್ಳಿಕೊಂಡು ಒಳಗೆ ಹೋಗಿ ಅಣ್ಣನ ಪಕ್ಕದಲ್ಲಿ ನಿಂತು, ಸರಿಯಿರಿ ಎಂಬಂತೆ ಅವನನ್ನು ನೋಡಿದರು. ಅವನು ಇನ್ನೂ ಹಲಗೆ ಹಿಡಿದುಕೊಂಡು ನ್ಯಾಯಾಧೀಶರ ಕಡೆಗೆ ಬಾಗಿ ಹೇಳುತ್ತಲೇ ಇದ್ದ.