ಸೂರಪ್ಪ ತನ್ನ ಚಾವಣಿ ಬದಲಾಯಿಸಿದ್ದು

ಊರಿನವರೆಲ್ಲ ಅವನನ್ನು ಸೂರಪ್ಪ ಎಂದೇ ಕರೆಯುತ್ತಿದ್ದರು. ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಅದು ಮದುವೆಯ ಕಾಗದದಲ್ಲಿ, ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಮೀಸೆ ಮೂಡುವ ವಯಸ್ಸಿನಿಂದ ಮಂಡಿ ಸವೆಯುವವರೆಗೆ ಪರರ ಮನೆಗಳಿಗೆ ಸೂರು ಹೊದಿಸಿದವನಿಗೆ ಇನ್ಯಾವ ಹೆಸರು ಅಂಟಿಕೊಂಡೀತು?

ಅದು ಇಳಿಜಾರು ಬೀದಿಗಳ ಊರು. ಹೆಚ್ಚಿನ ಮನೆಗಳಿಗೆ ಕೆಂಪು ಹಂಚು. ಸೂರಪ್ಪ ಯಾರದೋ ಚಾವಣಿಯ ನೆತ್ತಿಯ ಮೇಲೆ ಕುದುರೆ ಸವಾರಿಯ ಹಾಗೆ ಕಾಲು ಇಳಿಬಿಟ್ಟು ಕೂತನೆಂದರೆ ಇಡೀ ಬೀದಿಯ ಸುದ್ದಿ ಅವನ ಕಣ್ಣಿಗೆ ಬೀಳುತ್ತಿತ್ತು. "ಅಕ್ಕಾ, ಒಲೆ ಮೇಲಿನ ಹಾಲು ನೋಡಿ, ಉಕ್ಕೋ ವಾಸನೆ ಬರ್ತಿದೆ!" ಎಂದು ಒಂದು ಮನೆಗೆ, "ಟಪಾಲಿನವನು ತಿರುವಿಗೆ ಬಂದ, ಚಪ್ಪಲಿ ಹಾಕ್ಕೊಳ್ಳಿ!" ಎಂದು ಇನ್ನೊಂದು ಮನೆಗೆ ಮೇಲಿನಿಂದಲೇ ಕೂಗಿ ಹೇಳುತ್ತಿದ್ದ. ಕೆಲಸ ಮುಗಿದು ಅವನು ಇಳಿದು ಹೋದ ಮೇಲೆ ಆ ಬೀದಿಗೆ ಒಂದೆರಡು ದಿನ ಬಿಕೋ ಎನ್ನಿಸುತ್ತಿತ್ತು.

ಹೆಂಡತಿ ಸಿಕ್ಕಿದ್ದೂ ಮೇಲಿನಿಂದಲೇ. ಒಂದು ಹೊಲಿಗೆ ಅಂಗಡಿಯ ಚಾವಣಿ ರಿಪೇರಿ. ಒಡೆದ ಹಂಚನ್ನು ಎತ್ತಿದಾಗ ಬಿಸಿಲಿನ ಕೋಲೊಂದು ನೆಟ್ಟಗೆ ಕೆಳಗಿಳಿದು, ಅಲ್ಲಿ ಹೊಲಿಯುತ್ತ ಕೂತಿದ್ದ ಹುಡುಗಿಯ ಮಿಷನ್ನಿನ ಮೇಲೆ ಬಿತ್ತು. ಅವಳು ತಲೆಯೆತ್ತಿದಳು. ಬೈಗುಳ ಬೀಳುತ್ತದೆಂದು ಅವನು ಕಾದ.

"ಸ್ವಲ್ಪ ಹೊತ್ತು ಮುಚ್ಚಬೇಡಿ. ಸೂಜಿಗೆ ದಾರ ಹಾಕ್ಕೋತೀನಿ," ಎಂದಳು.

ಆ ಹಂಚು ಹಾಕುವುದಕ್ಕೆ ಅವನಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಅಂಗಡಿಯ ಯಜಮಾನನಿಗೆ ಅರ್ಥವಾಗಲಿಲ್ಲ; ಅವಳಿಗೆ ಅರ್ಥವಾಯಿತು.

ಮೇಲೆ ಇಷ್ಟು ಹಗುರಾಗಿರುತ್ತಿದ್ದ ಸೂರಪ್ಪನಿಗೆ ಕೆಳಗಿಳಿದು ರೇಟು ಮಾತಾಡುವುದೆಂದರೆ ಜ್ವರ ಬಂದಷ್ಟು ಕಷ್ಟ. ಅವನು ಬೆಲೆ ಹೇಳಿದ ಕೂಡಲೇ ಮನೆಯವರ ಮುಖ ಇಳಿಯುತ್ತಿತ್ತು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: "ನಾಲ್ಕು ಹಂಚು ಬದಲಾಯಿಸೋಕೆ ಇಷ್ಟಾ?" ಈ 'ನಾಲ್ಕು ಹಂಚು' ಎಂಬ ಮಾತು ಕೇಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದು ಕೈಕಾಲು ತೊಳೆಯುತ್ತಲೇ ಹೆಂಡತಿಯ ಮುಂದೆ ಕಾರಿಕೊಳ್ಳುತ್ತಿದ್ದ. "ಸೋಫಾ ತಂದ್ರೆ ಬಂದವರಿಗೆಲ್ಲ ತೋರಿಸಬಹುದು. ಚಾವಣಿಯನ್ನ ಯಾರಿಗೆ ತೋರಿಸ್ತಾರೆ ಹೇಳು. ಅದಕ್ಕೇ ಜನಕ್ಕೆ ಅದರ ಮೇಲೆ ದುಡ್ಡು ಹಾಕೋಕೆ ಕರುಳು ಕಿತ್ತು ಬರುತ್ತೆ." ಅವಳು ಗುಂಡಿ ಹೊಲಿಯುತ್ತ ಹೂಂಗುಡುತ್ತಿದ್ದಳು.

ವರ್ಷಗಳು ಉರುಳಿ ಮಂಡಿಚಿಪ್ಪು ಸವೆಯಿತು. ಇನ್ನು ಏಣಿ ಹತ್ತಿದರೆ ಇಳಿಸುವುದಕ್ಕೆ ನಾನೇ ಬರಬೇಕಾಗುತ್ತದೆ ಎಂದು ಡಾಕ್ಟರು ನಗುತ್ತಲೇ ಹೆದರಿಸಿದರು. ಸೂರಪ್ಪ ಕೆಳಗುಳಿದ. ಅವನು ಕೆಳಗುಳಿದ ವರ್ಷವೇ ಅವನ ಸ್ವಂತ ಮನೆ ಸೋರತೊಡಗಿತು. ಮೊದಲು ಅಡುಗೆಮನೆಯಲ್ಲಿ, ಆಮೇಲೆ ಮಲಗುವ ಕೋಣೆಯಲ್ಲಿ, ಅದೂ ಸರಿಯಾಗಿ ಅವನ ದಿಂಬಿನ ಮೇಲೆ. 'ಬಿಡುವಾದಾಗ ನೋಡೋಣ' ಎಂದು ಆ ಚಾವಣಿಯನ್ನು ಅವನು ಮುಂದೂಡುತ್ತ ಬಂದು ಎಷ್ಟೋ ಕಾಲವಾಗಿತ್ತು. ಈಗ ಬಿಡುವೇನೋ ಬೇಕಾದಷ್ಟಿತ್ತು, ಮಂಡಿ ಇರಲಿಲ್ಲ.

"ಏಣಿಗೆ ಹೇಳಿ ಕಳಿಸ್ತೀನಿ," ಎಂದಳು ಹೆಂಡತಿ, ಹಾಸಿಗೆಯ ನಡುವೆ ಬೋಗುಣಿ ಇಡುತ್ತ.

ಏಣಿ ಎಂದರೆ ಒಬ್ಬ ಹೆಂಗಸು. ಹಂಚು ಮಾರುವ ಮಳಿಗೆಯಲ್ಲಿ ಲಾರಿಗೆ ಹಂಚು ತುಂಬುತ್ತಿದ್ದವಳು. ನಿಂತಲ್ಲಿಂದಲೇ ಕೈಚಾಚಿ ಸೂರಿನಂಚು ಮುಟ್ಟುವಷ್ಟು ಎತ್ತರ. ಸೂರಪ್ಪನೇ ಅವಳನ್ನು ಕೆಲಸಕ್ಕೆ ಕರೆತಂದು, ಪಳಗಿಸಿ, ಆ ಹೆಸರಿಟ್ಟಿದ್ದ. ಈಗ ಅವಳದೇ ಒಂದು ತಂಡವಿತ್ತು, ಸ್ವಂತದ್ದೊಂದು ಹಳೆಯ ವ್ಯಾನಿತ್ತು.

ಏಣಿ ಬಂದು ಮೇಲೆ ಹತ್ತಿ, ಅರ್ಧ ಹಂಚಿನಷ್ಟು ಸರಿಸಿ ನೋಡಿ, ಟೇಪು ಹಿಡಿದು ಇಳಿದಳು. ಕೈ ಒರೆಸಿಕೊಂಡು ಒಂದು ಮೊತ್ತ ಹೇಳಿದಳು.

"ಇಷ್ಟಾ?" ಎಂದ ಸೂರಪ್ಪ.

"ಇಷ್ಟೇ, ಮೇಸ್ತ್ರಿ."

"ಇದು ಅರಮನೆ ಅಲ್ಲಮ್ಮಾ. ಎರಡು ಕೋಣೆ, ಒಂದು ಅಡುಗೆಮನೆ."

"ಅದಕ್ಕೇ ಇಷ್ಟು. ಅರಮನೆ ಆಗಿದ್ರೆ ನಾನು ಒಪ್ಪಿಕೊಳ್ತಾನೇ ಇರ್ಲಿಲ್ಲ."

"ಆದ್ರೂ, ನಾಲ್ಕು ಹಂಚು ಬದಲಾಯಿಸೋಕೆ..." ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಹೆಂಡತಿ ಹಲ್ಲಿನಲ್ಲಿ ದಾರ ಕಚ್ಚಿ ಹಿಡಿದುಕೊಂಡೇ ನಗುತ್ತಿದ್ದಳು. ಏಣಿ ಮಾತ್ರ ನಗದಿರಲು ಹರಸಾಹಸ ಪಡುತ್ತ ಗೋಡೆಯ ಗಡಿಯಾರವನ್ನು ನೋಡುತ್ತ ನಿಂತಿದ್ದಳು.

ಮಾತು ಬಾಯಿಂದ ಜಾರಿತ್ತು, ಇನ್ನು ಮಾನ ಉಳಿಸಿಕೊಳ್ಳುವುದಕ್ಕಾದರೂ ಚೌಕಾಸಿ ಮಾಡಲೇಬೇಕಾಯಿತು. "ಹಂಚಿಗೆ ಯಾಕೆ ಅಷ್ಟೊಂದು? ನನ್ನ ಕಾಲದಲ್ಲಿ ಅದರ ಅರ್ಧಕ್ಕೆ ಬರ್ತಿತ್ತು."

"ನಿಮ್ಮ ಕಾಲದಲ್ಲಿ ಸುತ್ತಮುತ್ತ ಎಷ್ಟೊಂದು ಭಟ್ಟಿ ಇದ್ವು, ಮೇಸ್ತ್ರಿ. ಈಗ ಉಳಿದಿರೋದು ಒಂದೇ, ಅದೂ ನದಿಯಾಚೆ. ಅವರು ಹೇಳಿದ್ದೇ ರೇಟು. ಲಾರಿ ಬಾಡಿಗೆ ಬೇರೆ. ದಾರೀಲಿ ಒಡೆದದ್ದಕ್ಕೂ ನಾವೇ ಕೊಡ್ಬೇಕು."

"ಕೂಲಿ?"

"ಮೇಲೆ ಹತ್ತೋರೇ ಇಲ್ಲವಲ್ಲ! ಇರೋ ನಾಲ್ವರನ್ನ ಕೈಬಿಡದೆ ಇಟ್ಕೊಂಡಿದ್ದೀನಿ. ಒಣ ಹವೆ ಇದ್ದಾಗ ದುಡಿದದ್ದರಲ್ಲಿ ಅವರ ಸಂಸಾರ ವರ್ಷವಿಡೀ ನಡೀಬೇಕು. ಮೋಡ ಕಟ್ಟಿದ ದಿನ ಇಡೀ ಊರು ಒಟ್ಟಿಗೆ ಕರೆಯುತ್ತೆ. ಮೋಡ ಹೋದ್ಮೇಲೆ ಒಬ್ಬರಿಗೂ ನೆನಪಿರಲ್ಲ."

"ಸಾರುವೆ ಬಿಟ್ಬಿಡು. ಮರ ಕಟ್ಟಿ ಅಟ್ಟಣಿಗೆ ಮಾಡೋದೆಲ್ಲ ದಂಡ. ಏಣಿ ಸಾಕು."

"ಏಣಿ ನಾನೇ ಇದ್ದೀನಿ. ಆದ್ರೂ ಸಾರುವೆ ಬೇಕು."

"ಹಗ್ಗ, ಸೊಂಟದ ಪಟ್ಟಿ, ಕೊಕ್ಕೆ, ವಿಮೆ! ನಾನು ಜೀವಮಾನದಲ್ಲಿ ಹಗ್ಗ ಕಟ್ಟಿಕೊಂಡವನಲ್ಲ. ಬಿದ್ನಾ?"

"ಎರಡು ಸಲ ಬಿದ್ರಿ," ಎಂದಳು ಹೆಂಡತಿ.

"ಒಂದು ಹುಲ್ಲಿನ ಬಣವೆ ಮೇಲೆ. ಅದು ಲೆಕ್ಕಕ್ಕಿಲ್ಲ."

"ಇನ್ನೊಂದು?"

ಹೆಂಡತಿ ಎದ್ದು ಬಂದು ಏಣಿಯ ಪಕ್ಕ ನಿಂತಳು. ಅವಳ ತಲೆ ಏಣಿಯ ಮೊಣಕೈಗೆ ಬರುತ್ತಿತ್ತು. "ಬೇರೆ ಏನು ಬೇಕಾದ್ರೂ ಕಡಿಮೆ ಮಾಡಮ್ಮಾ. ಹಗ್ಗ ಮಾತ್ರ ತೆಗೀಬೇಡ. ಅದರ ದುಡ್ಡು ನನ್ನ ಹೊಲಿಗೇದು."

ಕೊನೆಗೆ ಇಳಿದ ಹಳೆ ಹಂಚುಗಳಲ್ಲಿ ಗಟ್ಟಿಯಾದವನ್ನು ಸೂರಪ್ಪ ಆರಿಸಿಕೊಡುವುದು, ಅಷ್ಟರ ಮಟ್ಟಿಗೆ ಹೊಸದು ತರಿಸದಿರುವುದು ಎಂದಾಯಿತು. ಬೆಲೆ ತುಸು ಬಗ್ಗಿತು. ಸೂರಪ್ಪನ ಬೆನ್ನು ತುಸು ನೆಟ್ಟಗಾಯಿತು.

ಕೆಲಸ ಶುರುವಾದ ದಿನ ಅವನು ಅಂಗಳದಲ್ಲಿ ಮೋಟು ಸ್ಟೂಲು ಹಾಕಿಕೊಂಡು ಮದುವೆ ಮನೆಯ ಯಜಮಾನನ ಹಾಗೆ ಕೂತ. ಇಳಿದು ಬಂದ ಒಂದೊಂದು ಹಂಚನ್ನೂ ಕಿವಿಯ ಹತ್ತಿರ ಹಿಡಿದು ಬೆರಳಗೆಣ್ಣಿನಿಂದ ತಟ್ಟುತ್ತಿದ್ದ. ಟಣ್ ಎಂದದ್ದು ಬಲಕ್ಕೆ, ಬೊದ್ ಎಂದದ್ದು ಎಡಕ್ಕೆ. ಎಡಗಡೆಯ ರಾಶಿ ಬೆಳೆಯುತ್ತಲೇ ಹೋಯಿತು. ಅದನ್ನು ಸುರಿಯುವ ಜಾಗಕ್ಕೂ ಈಗ ಬಾಡಿಗೆ ಕೊಡಬೇಕೆಂದು ಗೊತ್ತಾದಾಗ ಅವನು ಕೆಲವು ಬೊದ್ದುಗಳನ್ನು ಮತ್ತೊಮ್ಮೆ ತಟ್ಟಿ ನೋಡಿದ. ಅವು ಮತ್ತೆ ಬೊದ್ದೆಂದೇ ಅಂದವು.

ಮಧ್ಯಾಹ್ನದ ಹೊತ್ತಿಗೆ ಏಣಿ ಇಳಿದು ಬಂದು ಅವನ ಅಂಗೈಯಲ್ಲಿ ಒಂದು ಮರದ ತುಂಡಿಟ್ಟಳು. ಅಡುಗೆಮನೆಯ ಮೇಲಿನ ತೊಲೆಯದು. ಹೊಗೆ ಹಿಡಿದು ಕಪ್ಪಗೆ, ನೋಡುವುದಕ್ಕೆ ಕಬ್ಬಿಣದ ಹಾಗಿತ್ತು. ಅವನು ಹೆಬ್ಬೆರಳಿನಿಂದ ಒತ್ತಿದ. ಒಳಗೆಲ್ಲ ಹಿಟ್ಟು. ಗೆದ್ದಲು ಮೈಯನ್ನು ಮಾತ್ರ ಬಿಟ್ಟು ಉಳಿದದ್ದನ್ನೆಲ್ಲ ತಿಂದು ಮುಗಿಸಿತ್ತು.

"ಎಷ್ಟು ತೊಲೆ?"

"ಆ ಬದಿಯವು ಅಷ್ಟೂ ಹೋಗಿವೆ, ಮೇಸ್ತ್ರಿ. ಮರ ತರಿಸಬೇಕು. ನಾನು ಹೇಳಿದ ರೇಟಿನಲ್ಲಿ ಇದು ಸೇರಿಲ್ಲ."

ಸೂರಪ್ಪ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದ. ಇವಳು ಈ ತುಂಡನ್ನು ಬೇರೆ ಯಾರದೋ ಮನೆಯಿಂದ ತಂದಿದ್ದರೆ? ಯೋಚನೆ ಬಂದದ್ದೇ ತಡ, ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಹಿಂದೆಯೇ ತಡೆಯಲಾರದ ನಗುವೂ ಬಂತು.

"ಈಗ ನನ್ನ ತಲೇಲಿ ಏನು ಬಂತು ಗೊತ್ತಾ? ನೀನು ಮೋಸ ಮಾಡ್ತಿದ್ದೀಯ ಅಂತ."

"ಬರದೆ ಇರುತ್ತಾ?" ಏಣಿ ಅವನ ಪಕ್ಕ ನೆಲದ ಮೇಲೇ ಕುಕ್ಕರಿಸಿದಳು. "ಬಿಚ್ಚಿ ನೋಡದೆ ಒಳಗಿನದು ಗೊತ್ತಾಗಲ್ಲ ಅಂತ ನೀವು ಎಷ್ಟು ಮನೇಲಿ ಹೇಳಿದ್ರಿ! ಅವರೆಲ್ಲ ನಿಮ್ಮನ್ನೂ ಹೀಗೇ ನೋಡ್ತಿದ್ರು. ನಾನು ಪಕ್ಕದಲ್ಲೇ ನಿಂತಿರ್ತಿದ್ನಲ್ಲ. ಮೇಲೆ ಬನ್ನಿ, ತೋರಿಸ್ತೀನಿ ಅನ್ನೋಣ ಅಂದ್ರೆ ನಿಮ್ಮ ಮಂಡಿ..."

"ಬೇಡ. ಕಂಡಷ್ಟು ಸಾಕು. ಮರ ತರಿಸು."

ಮರ ಬಂತು. ತಂಡದಲ್ಲಿ ದಪ್ಪ ಮೀಸೆಯ ಒಬ್ಬಾತನಿದ್ದ. ಮೈಯೂ ಮೀಸೆಗೆ ತಕ್ಕ ಹಾಗೆಯೇ ಇತ್ತು. ಅವನು ಹಂಚು ಕೂರಿಸುವ ಹಳೆಯ ಮರದ ಪಟ್ಟಿಗಳನ್ನು ಕೀಳುತ್ತ ಇನ್ನೊಂದು ಬದಿಗೆ ಕಾಲಿಟ್ಟ. ಕಟಕ್ಕೆಂದು ಸದ್ದು. ಕಾಲ ಕೆಳಗಿನ ಮರ ಮುರಿದು, ಮೀಸೆಯವನು ತೊಡೆಯವರೆಗೂ ಒಳಗಿಳಿದು, ಪಕ್ಕಕ್ಕೆ ಉರುಳಿ ಸೂರಿನಂಚಿಗೆ ಜಾರಿದ. ಹಗ್ಗ ಬಿಗಿಯಿತು. ಅವನು ಅಲ್ಲೇ ಗೋಣಿಚೀಲದಂತೆ ಜೋತಾಡಿ, ಸಾರುವೆಗೆ ಕಾಲು ಕೊಟ್ಟು ನಿಂತು, "ಅಕ್ಕಾ, ಒಂದು ಪಟ್ಟಿ ಹೆಚ್ಚಿಗೆ ಬೇಕು," ಎಂದು ಏಣಿಗೆ ಕೂಗಿದ. ಮೇಲಿನವರೆಲ್ಲ ನಕ್ಕರು. ಕೆಲಸ ಮುಂದುವರಿಯಿತು.

ಅಂಗಳದಲ್ಲಿ ಸೂರಪ್ಪನ ಕೈಯಲ್ಲಿದ್ದ ಹಂಚು ಯಾವಾಗಲೋ ಬಿದ್ದು ಚೂರಾಗಿತ್ತು. ಎದ್ದು ನಿಂತವನಿಗೆ ಕೂರುವುದು ಗೊತ್ತಾಗಲಿಲ್ಲ. ಇಷ್ಟು ವರ್ಷ ಮೇಲೆ ಓಡಾಡಿದವನು, ತಾನು ಬಿದ್ದಾಗಲೂ ಹೀಗೆ ಹೆದರಿದವನಲ್ಲ. ಮೇಲಿದ್ದಾಗ ಹೆದರುವುದಕ್ಕೆ ಪುರುಸೊತ್ತೇ ಇರುವುದಿಲ್ಲ; ಕೈ ಏನನ್ನೋ ಹಿಡಿಯುತ್ತದೆ, ಕಾಲು ಏನನ್ನೋ ಹುಡುಕುತ್ತದೆ. ಕೆಳಗೆ ನಿಂತು ನೋಡುವವನ ಕೈಗೆ ಹಿಡಿಯುವುದಕ್ಕೆ ಏನೂ ಇರುವುದಿಲ್ಲ.

ಹೆಂಡತಿ ನೀರಿನ ಲೋಟ ತಂದು ಅವನ ಕೈಗೆ ಕೊಟ್ಟಳು. ಅವನು ಕುಡಿಯುವವರೆಗೆ ಲೋಟವನ್ನು ತಾನೂ ಹಿಡಿದುಕೊಂಡಳು.

"ಮೊದಲನೇ ಸಲ ಅಲ್ವಾ, ಹೀಗೇ ಆಗುತ್ತೆ. ಆಮೇಲಾಮೇಲೆ ರೂಢಿ ಆಗುತ್ತೆ ಅಂತಾರೆ." ಲೋಟ ವಾಪಸು ತೆಗೆದುಕೊಳ್ಳುತ್ತ, "ನನಗಂತೂ ಆಗ್ಲಿಲ್ಲ," ಎಂದಳು.

ಅವನು ಅವಳ ಮುಖ ನೋಡಿದ. ಗುಂಡಿ ಹೊಲಿಯುತ್ತ ಹೂಂಗುಡುತ್ತಿದ್ದ ಮುಖ.

ಸಂಜೆ ತಂಡದವರು ಹೋದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತರು. "ನಾನು ಮೇಲಿದ್ದಾಗ ನೀನು ಏನು ಮಾಡ್ತಿದ್ದೆ?" ಎಂದು ಅವನು ಕೇಳಿದ. ಇಷ್ಟು ಕಾಲದ ಸಂಸಾರದಲ್ಲಿ ಕೇಳದೆ ಉಳಿದಿದ್ದ ಪ್ರಶ್ನೆ.

"ಹೊಲೀತಿದ್ದೆ. ಇನ್ನೇನು ಮಾಡ್ಲಿ? ಬಟ್ಟೆ ಅಂಗಡಿಯವರ ಎರಡಂತಸ್ತಿನ ಮನೆ ಮಾಡಿದ್ರಲ್ಲ, ಆವಾಗ ಒಂದು ಅಂಗಿಗೂ ಕಾಲರು ನೆಟ್ಟಗೆ ಕೂರ್ಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಹೊಲಿದೆ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಇಳೀತಿದ್ರಾ? ಆ ಮನೆಯವರು ರೇಟು ಜಾಸ್ತಿ ಅಂತ ಕೊನೆಗೂ ಮುರ್ಕೊಂಡೇ ಕೊಟ್ರಲ್ಲ, ಆವತ್ತು ಮಾತ್ರ ಅವರ ಬಾಗಿಲಿಗೆ ಹೋಗಿ ನಾಲ್ಕು ಮಾತು ಆಡಿ ಬರೋಣ ಅನ್ನಿಸ್ತು. ಅವರು ಹಂಚಿಗೆ ಬೆಲೆ ಕಟ್ತಿದ್ರು. ನನ್ನ ಎಣಿಕೆ ಬೇರೆ ಇತ್ತು."

ಸೂರಪ್ಪ ಅವಳ ಸೀರೆಗೆ ಹತ್ತಿದ್ದ ಹಂಚಿನ ಧೂಳನ್ನು ಒರೆಸಿದ. ಅವನ ಕೈಯ ಧೂಳೂ ಸೇರಿ ಕಲೆ ಇನ್ನಷ್ಟು ದೊಡ್ಡದಾಯಿತು. "ಬಿಡಿ, ಒಗೆಯೋಳು ನಾನು ತಾನೇ," ಎಂದು ಅವಳು ನಕ್ಕಳು.

ಚಾವಣಿ ಮುಗಿಯಿತು. ಮರದ ಬಾಬತ್ತು ಕೊಡುವುದಕ್ಕೆ ಕೈಯಲ್ಲಿ ಏನೂ ಉಳಿದಿರಲಿಲ್ಲ. ಸೂರಪ್ಪ ಕುಂಟುತ್ತ ಏಣಿಯ ಮನೆಗೆ ಹೋಗಿ ಸ್ವಲ್ಪ ಸಮಯ ಕೊಡು ಎಂದ.

"ಸಮಯ ಬೇಡ, ಮೇಸ್ತ್ರಿ. ನನ್ನ ಜೊತೆ ಬನ್ನಿ. ಹಂಚು ಹೊದಿಸೋಕೆ ನನಗೆ ಬರುತ್ತೆ. ಮನೆಯವರ ಹತ್ರ ಮಾತಾಡೋಕೆ ಬರಲ್ಲ. ಅವರು ಒಂದಂದ್ರೆ ನಾನು ಎರಡಂತೀನಿ, ಕೆಲಸ ಕೈತಪ್ಪುತ್ತೆ. ಅದೊಂದು ನೀವು ನೋಡ್ಕೊಳ್ಳಿ, ಮರದ ಬಾಕಿ ಅದರಲ್ಲೇ ತೀರುತ್ತೆ."

"ನನಗೂ ಬರ್ತಿರ್ಲಿಲ್ಲ ಕಣಮ್ಮಾ."

"ಈಗ ಬರುತ್ತೆ," ಎಂದಳು ಏಣಿ.

ಮೊದಲು ಹೋದದ್ದು ಒಬ್ಬ ಬಸ್ ಡ್ರೈವರನ ಮನೆಗೆ. ಮೊತ್ತ ಕೇಳಿದ್ದೇ ಅವನು ಕುರ್ಚಿಯಿಂದ ಎದ್ದುಬಿಟ್ಟ. "ಹಗಲುದರೋಡೆ ಇದು! ನಾಲ್ಕು ಹಂಚಿಗೆ ಇಷ್ಟಾ? ಮನುಷ್ಯತ್ವ ಬೇಡ್ವಾ ನಿಮಗೆ?"

ಬಾಗಿಲಲ್ಲಿದ್ದ ಏಣಿಯ ಮುಖ ಕೆಂಪೇರಿತು. ಸೂರಪ್ಪ ಅವಳಿಗೆ ಸುಮ್ಮನಿರೆಂದು ಕಣ್ಣಿನಲ್ಲೇ ಹೇಳಿ, ಮಂಡಿ ಸವರಿಕೊಳ್ಳುತ್ತ ಕೂತ. ಡ್ರೈವರ್ ಕೂಗಾಡುವಷ್ಟು ಕೂಗಾಡಲಿ ಎಂದು ಬಿಟ್ಟ. ಹಂಚಿನ ಭಟ್ಟಿಯವರು, ಲಾರಿಯವರು, ಸರ್ಕಾರ, ಗೆದ್ದಲು, ಎಲ್ಲರಿಗೂ ಒಂದು ಸುತ್ತು ಮಂಗಳಾರತಿ ಆಯಿತು. ದಮ್ಮು ಮುಗಿದು ಅವನು ಕೂತಾಗ ಸೂರಪ್ಪ ಮೆಲ್ಲಗೆ ಬಾಯಿಬಿಟ್ಟ.

"ಜಾಸ್ತಿನೇ, ಸ್ವಾಮಿ. ಸುಳ್ಳು ಹೇಳಲ್ಲ. ಮೊನ್ನೆ ನನ್ನ ಮನೇದು ಮಾಡಿಸಿದೆ, ನಾನೂ ಇದೇ ಕೂಗು ಕೂಗಿದೆ. ಇವಳೇ ಸಾಕ್ಷಿ."

"ಮತ್ತೆ ಯಾಕೆ ಕೊಟ್ರಿ?"

"ಮೇಲೆ ಹತ್ತೋರ ಹಗ್ಗದ ದುಡ್ಡೂ ಇದರಲ್ಲಿ ಸೇರಿದೆ, ಸ್ವಾಮಿ. ನಿಮ್ಮ ಹೆಂಡತಿ ಮನೇಲಿದ್ದಾರಾ? ಅವರನ್ನೂ ಕರೀರಿ. ನೀವು ಬಸ್ಸು ತಗೊಂಡು ಘಾಟಿ ಹತ್ತೋ ದಿನ ಅವರಿಗೆ ಹೇಗಿರುತ್ತೆ ಅಂತ ಮೊದಲು ಕೇಳೋಣ. ಹಂಚಿನ ಮಾತು ಆಮೇಲೆ ಆಡೋಣ."

ಒಳಗಿನಿಂದ ಡ್ರೈವರನ ಹೆಂಡತಿಯೇ, ಯಾರೂ ಕರೆಯದೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಸೂರಪ್ಪನ ಎದುರಿನ ಕುರ್ಚಿಯಲ್ಲಿ ಕೂತಳು.

"ಕೇಳಿ," ಎಂದಳು. "ಇವರು ಕೇಳೋದೇ ಇಲ್ಲ, ನೀವಾದ್ರೂ ಕೇಳಿ."