ಗೋದಲಿಯ ಕೂಸಿಗೆ ಬೊಟ್ಟು

ಪ್ರತಿ ಕ್ರಿಸ್‌ಮಸ್‌ಗೂ ಅರಕಲಗೂಡಿನಿಂದ ಹಾಸನಕ್ಕೆ, ಮಗಳ ಮನೆಗೆ ಹೋಗುತ್ತೇನೆ. ಅಳಿಯ ಕ್ರೈಸ್ತರ ಹುಡುಗ. ಜೊತೆಗೊಂದು ಚೀಲ ಅವರೆಕಾಯಿ ಇರಲೇಬೇಕು. ಬಸ್ಸಿನಲ್ಲಿ ಯಾರಾದರೂ ಆ ಚೀಲಕ್ಕೆ ತಕರಾರು ತೆಗೆದರೆ ನಾನೂ ಸುಮ್ಮನಿರುವವಳಲ್ಲ.

ಮೊದಲ ವರ್ಷ ಮೊಮ್ಮಕ್ಕಳು ನನ್ನನ್ನು ಎಳೆದುಕೊಂಡು ಹೋಗಿ ಗೋದಲಿ ತೋರಿಸಿದರು. ಹುಲ್ಲು ಹಾಸಿದ ಪುಟ್ಟ ಕೊಟ್ಟಿಗೆ, ಹಸು, ಕುರಿ, ನಡುವೆ ಮಣ್ಣಿನ ಬಾಲಯೇಸು. ಬಂದವರೆಲ್ಲ ಎಷ್ಟು ಚೆಂದ, ಎಷ್ಟು ಚೆಂದ ಅನ್ನುತ್ತಿದ್ದರು. ಹಸುಗೂಸನ್ನು ಹಾಗೆ ಹೊಗಳಿದರೆ ನನಗೆ ತಡೆಯಲಾಗುವುದಿಲ್ಲ. ಮೊಮ್ಮಗಳ ಕಾಡಿಗೆ ಡಬ್ಬಿ ತಂದು ಅದರ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟುಬಿಟ್ಟೆ.

"ಅವ್ವಾ, ಅದು ದೇವ್ರು ಕಣವ್ವ" ಅಂತ ಮಗಳು ಒರೆಸಲು ಬಂದಳು. ಅಳಿಯನ ತಾಯಿ ಅವಳ ಕೈ ಹಿಡಿದುಕೊಂಡರು.

"ಇರ್ಲಿ ಬಿಡಮ್ಮ. ಅಜ್ಜಿ ಇಟ್ಟಿರೋದು."

ಆವತ್ತಿನಿಂದ ಅದು ನನಗೆ ಬೀಗರ ಮನೆ ಅನ್ನಿಸಿಲ್ಲ.

ಈ ಸಲ ದಾರಿಯಲ್ಲಿ ಬಸ್ಸು ಕೆಟ್ಟು, ಹಾಸನ ಸೇರುವಾಗ ಮಧ್ಯಾಹ್ನವಾಗಿತ್ತು. ಬಾಗಿಲಲ್ಲೇ ಕಾಯುತ್ತಿದ್ದ ಬೀಗಿತ್ತಿ, ನಾನು ಚೀಲ ಇಳಿಸುವ ಮೊದಲೇ ಕಾಡಿಗೆ ಡಬ್ಬಿಯನ್ನು ಕೈಗಿಟ್ಟರು.

"ಬೇಗ ಬನ್ನಿ ಬೀಗ್ರೇ. ಬೆಳಿಗ್ಗೆಯಿಂದ ಜನ ಬಂದು ನೋಡ್ತಾನೇ ಅವ್ರೆ. ಮಗು ಬರೀ ಕೆನ್ನೇಲಿ ಮಲಗೈತೆ."