ಭೀಮಬಾಯಿ ಮುಟ್ಟದ ಬೋಗುಣಿ

ಸೂಜಿ ಕುದಿಸದೆ ಚುಚ್ಚಿದವನು ನಾನು. ಆ ತಪ್ಪು ಭೀಮಬಾಯಿಯದು ಎಂದು ಹೇಳಿದವನೂ ನಾನೇ. ಮೊದಲನೆಯದು ಅವಸರದಲ್ಲಿ ಆಯಿತು. ಎರಡನೆಯದಕ್ಕೆ ಆ ನೆಪವೂ ಇಲ್ಲ — ಬಾಯಿ ತೆರೆಯುವ ಮೊದಲು ಯೋಚಿಸಿದ್ದೆ, ಯಾರ ಹೆಸರು ಹೇಳಿದರೆ ಈ ಜನ ಮರುಮಾತಿಲ್ಲದೆ ನಂಬುತ್ತಾರೆ ಎಂದು.

ಓದಿ ಮರುಕ ಪಡುವವರು ಇಲ್ಲಿಗೇ ನಿಲ್ಲಿಸಿ. ನಿಮ್ಮ ಮರುಕ ನನಗೆ ಬೇಡ.

ನಾಲ್ಕನೇ ಜಮಾತಿಗೆ ಶಾಲೆ ಬಿಟ್ಟವನು ನಾನು. ವಾಡಿಯಲ್ಲಿ ಒಬ್ಬ ಡಾಕ್ಟರರ ಹತ್ತಿರ ಕಸ ಹೊಡೆಯಲು ಸೇರಿ, ಸೀಸೆ ತೊಳೆದು, ಔಷಧ ಬೆರೆಸಿ, ಕಡೆಗೆ ಕಂಪೌಂಡರ್ ಅನ್ನಿಸಿಕೊಂಡೆ. ಶಹಾಬಾದಿನ ಸುತ್ತ ಕಲ್ಲಿನ ಖಣಿಗಳು. ಹಾಸುಗಲ್ಲು ಎಬ್ಬಿಸುವವನ ಹೆಬ್ಬೆರಳು ಜಜ್ಜಿದರೆ, ಚಕ್ಕೆ ಸಿಡಿದು ಹುಬ್ಬು ಹರಿದರೆ, ಸರಕಾರಿ ದವಾಖಾನೆಯಲ್ಲಿ ಚೀಟಿ ಮಾಡಿಸಿ ಪಾಳಿ ಹಚ್ಚಿ ಕೂತು ಅವನ ಅರ್ಧ ದಿನ ಹೋಗುತ್ತಿತ್ತು. ಅದನ್ನು ನೋಡಿ ನೋಡಿಯೇ ನನಗೆ ದಾರಿ ಹೊಳೆದದ್ದು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷ ಭಂಕೂರ ರಸ್ತೆಗೆ ಎರಡು ಕೋಣೆ ಕಟ್ಟಿಸಿದೆ. ಗೋಡೆ, ಮಾಡು, ಕೂಡುವ ಕಟ್ಟೆ, ರೋಗಿ ಮಲಗುವ ಮಂಚ — ಎಲ್ಲ ಅದೇ ಕಲ್ಲು. ಚೀಟಿ ಇಲ್ಲ, ಪಾಳಿ ಇಲ್ಲ. ಬೆಳಗ್ಗೆ ಆರಕ್ಕೆ ಬಾಗಿಲು ತೆರೆಯುವುದು, ಬಂದವನನ್ನು ಬಂದ ಹಾಗೆ ನೋಡಿ ಕಳಿಸುವುದು. ಬೋರ್ಡಿನ ಮೇಲೆ ಚಿತ್ತಾಪುರದ ಒಬ್ಬ ವಯಸ್ಸಾದ ಡಾಕ್ಟರರ ಹೆಸರು. ಅವರು ವಾಡಿಯಲ್ಲಿ ರೈಲು ಬದಲಿಸಿ ಹತ್ತಕ್ಕೆ ಬಂದು ಮಧ್ಯಾಹ್ನ ಹೋಗುತ್ತಿದ್ದರು. ಉಳಿದ ಹೊತ್ತೆಲ್ಲ ದವಾಖಾನೆ ನನ್ನದು. ಜನ ನನ್ನನ್ನೂ ಡಾಕ್ಟರ್ರ ಎನ್ನುತ್ತಿದ್ದರು. ನಾನು ಯಾರನ್ನೂ ತಿದ್ದಲಿಲ್ಲ.

ಗಾಯ ಕಟ್ಟಲು ಭೀಮಬಾಯಿಯನ್ನು ಇಟ್ಟುಕೊಂಡೆ. ಭಂಕೂರಿನವಳು, ಗುಲಬರ್ಗಾದ ದವಾಖಾನೆಯಲ್ಲಿ ಕೆಲವು ವರ್ಷ ಆಯಾ ಆಗಿದ್ದು ನೋಡಿ ನೋಡಿ ಕೆಲಸ ಕಲಿತವಳು. ಅವಳ ಮನೆಯವರು ಬೌದ್ಧರಾಗಿದ್ದರು. ಊರು ಮಾತ್ರ ಅವರನ್ನು ಹಳೆಯ ಜಾತಿಯ ಹೆಸರಿನಿಂದಲೇ ಕರೆಯುತ್ತಿತ್ತು. ಒಣಗಿ ಅಂಟಿದ ಪಟ್ಟಿಯನ್ನು ಅವಳು ಬಿಚ್ಚಿದರೆ ಎಂಥವನೂ ಹಲ್ಲು ಕಚ್ಚುತ್ತಿರಲಿಲ್ಲ. ಮೇಲಿನ ಓಣಿಯವರೂ ತಾವಾಗಿ ಅವಳ ಮುಂದೆ ಗಾಯ ಚಾಚುತ್ತಿದ್ದರು. ರಕ್ತ, ಕೀವು ಮುಟ್ಟುವುದಕ್ಕೆ ಅವಳಾದರೂ ನಡೆಯುತ್ತಿತ್ತು. ನೀರಿಗೆ —

ಮೊದಲ ವಾರದಲ್ಲೇ ಒಬ್ಬ ಮುದುಕ, ಸೂಜಿ ಕುದಿಸುವ ಬೋಗುಣಿಗೆ ಅವಳು ನೀರು ಹಾಕುವುದನ್ನು ಕಂಡು, ಏರಿಸಿದ ತೋಳು ಇಳಿಸಿ ಎದ್ದುಬಿಟ್ಟ. "ಆಕಿ ಮುಟ್ಟಿದ ನೀರಾಗಿನ ಸೂಜಿ ನನ್ನ ಮೈಯಾಗ ಹೋಗೂದು ಬ್ಯಾಡ." ನಾನು ಅವನಿಗೆ ಏನೂ ಅನ್ನಲಿಲ್ಲ. ಅವಳಿಗೆ ಅಂದೆ: "ನಿನ್ನ ಕೆಲಸ ಗಾಯದ ತನಕ. ನೀರಿನ ತನಕ ಬರಬ್ಯಾಡ."

"ಹುಣ್ಣು ನನಗ, ನೀರು ನಿಮಗ. ಆಗಲ್ರಿ ಮಾಲಕ್ರ," ಎಂದು ನಕ್ಕಳು. ನಾನೂ ನಕ್ಕೆ.

ಅಂದಿನಿಂದ ಸ್ಟೋವು, ಬೋಗುಣಿ, ಸಿರಿಂಜು, ಸೂಜಿ ಎಲ್ಲ ನನ್ನ ಕೈಯಲ್ಲಿ. ಮುಂದಿನ ಕೋಣೆಯಲ್ಲೇ ಇಟ್ಟೆ, ಕೂತವರೆಲ್ಲ ನೋಡಲಿ ಎಂದು. ಆ ಬೋಗುಣಿಯನ್ನು ಅವಳು ಮುಟ್ಟುವುದಿಲ್ಲ ಎಂಬುದು ಸುತ್ತಿನ ಹಳ್ಳಿಗೆಲ್ಲ ಗೊತ್ತಾಯಿತು. ಗೊತ್ತಾಗಲೆಂದೇ ಮಾಡಿದ್ದು.

ಒಂದು ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಖಣಿಯಲ್ಲಿ ಮೇಲಿನ ಹಾಸು ಜಾರಿ ಎಂಟು ಜನ ಒಟ್ಟಿಗೇ ಬಂದರು. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಕಲ್ಲಿನ ಗಾಯ, ಎಲ್ಲರಿಗೂ ಧನುರ್ವಾಯು ಸೂಜಿ ಬೇಕು. ಕುದಿಸಿಟ್ಟ ಸೂಜಿ ಎರಡೇ. ಸ್ಟೋವಿನ ಕಣ್ಣು ಕಟ್ಟಿತ್ತು. ಪಿನ್ನು ಆಡಿಸಿದರೂ ಉರಿ ಏಳಲೊಲ್ಲದು. ಆ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನೊಬ್ಬ ಇಂಥದೇ ದವಾಖಾನೆ ತೆರೆದಿದ್ದ. ಹಿಂದೆ ಕೂತವನೊಬ್ಬ ಕೆಣಕಿದ: "ಇಲ್ಲೂ ಪಾಳಿನೇ ಅಂದ್ರ ಬಸ್ ಸ್ಟ್ಯಾಂಡಿಗೇ ಹೋಗ್ತೀವಿ ತಗೋರಿ. ಅಲ್ಲಿ ಚಾ ಆದ್ರೂ ಸಿಗ್ತದ."

ಎಲ್ಲರೂ ನಕ್ಕರು. ಆ ನಗೆ ನನಗೆ ತಡೆಯಲಾಗಲಿಲ್ಲ. ನನ್ನ ದವಾಖಾನೆಯಲ್ಲಿ ಪಾಳಿ! ಒಬ್ಬನಿಗೆ ಚುಚ್ಚಿ, ಸೂಜಿಯನ್ನು ಸ್ಪಿರಿಟ್ಟಿನ ಅರಳೆಯಲ್ಲಿ ಒರೆಸಿ, ಮುಂದಿನವನಿಗೆ ಚುಚ್ಚಿದೆ. ಒಳಗಿನಿಂದ, ಕಟ್ಟುತ್ತಿದ್ದ ಪಟ್ಟಿಯಿಂದ ತಲೆ ಎತ್ತದೆ ಭೀಮಬಾಯಿ ಮೆಲ್ಲಗೆ ಅಂದಳು: "ಮಾಲಕ್ರ, ನೀರು ಇನ್ನಾ ಕಾದಿಲ್ಲ."

"ನೀ ನಿನ್ನ ಪಟ್ಟಿ ನೋಡು," ಅಂದೆ.

ಐದನೆಯವನು ಭಂಕೂರಿನ ಹಣಮಂತ. ಹೊಸದಾಗಿ ಲಗ್ನವಾದವ, ಒಬ್ಬನೇ ಹಾರೆಯಿಂದ ದೊಡ್ಡ ಹಾಸು ಎಬ್ಬಿಸುವ ಆಳು. ನಾಚಿಕೊಂಡು ಚಡ್ಡಿ ಸಡಿಲಿಸಿದ್ದು ನೆನಪಿದೆ. ಹತ್ತು ದಿನಕ್ಕೆ ಸೊಂಟದ ಕೆಳಗೆ, ಚುಚ್ಚಿದಲ್ಲೇ, ಬಾವು ಬಂತು. ಗುಲಬರ್ಗಾಕ್ಕೆ ಒಯ್ದು ಕೊಯ್ದು ಕೀವು ತೆಗೆದರು. ಜೀವ ಉಳಿಯಿತು. ಕಾಲು ಎಳೆಯುವುದು ಹಾಗೇ ಉಳಿಯಿತು. ಅವನು ಮತ್ತೆ ಹಾರೆ ಹಿಡಿಯಲಿಲ್ಲ.

ಅವನ ಅಣ್ಣ ಹತ್ತಿಪ್ಪತ್ತು ಜನರನ್ನು ಕಟ್ಟಿಕೊಂಡು ಬಂದಾಗ ಡಾಕ್ಟರರು ಅಲ್ಲೇ ಇದ್ದರು. ಅಣ್ಣನ ಕೈಯಲ್ಲಿ ಸುತ್ತಿಗೆ. ಡಾಕ್ಟರರು ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು — ಆ ದಿನ ಸೂಜಿ ಕುದಿಸಿದ್ದು ಯಾರು?

"ಭೀಮಬಾಯಿ," ಅಂದೆ.

ಅಷ್ಟೇ. ಒಂದು ಹೆಸರು. ಅದು ಬಿದ್ದದ್ದೇ ತಡ, ಗದ್ದಲ ನನ್ನನ್ನು ಬಿಟ್ಟು ಒಳಗಿನ ಕೋಣೆಗೆ ಹರಿಯಿತು. ಅವಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅಳಲಿಲ್ಲ. ನನ್ನನ್ನೇ ನೋಡಿ ಕೇಳಿದಳು:

"ಆ ಬೋಗಾಣಿ ಮುಟ್ಟಲಾಕ ನನಗ ಯಾವಾಗ ಬಿಟ್ಟಿದ್ರಿ, ಮಾಲಕ್ರ?"

ಅಲ್ಲಿದ್ದ ಒಬ್ಬೊಬ್ಬನಿಗೂ ಅದು ಗೊತ್ತಿತ್ತು. ಅವಳು ಮುಟ್ಟದ ನೀರು ಎಂದು ನೆಚ್ಚಿಯೇ ಅವರು ನನ್ನ ಮುಂದೆ ತೋಳು ಚಾಚಿದ್ದರು. ಆದರೂ ಒಬ್ಬನೂ — ಇಲ್ಲ, ಅವರ ಮಾತು ಯಾಕೆ. ನಾನು ಸುಮ್ಮನೆ ನಿಂತೆ. ಹಣಮಂತನ ಅಣ್ಣ ಅಂದ: "ಇಂಥವರನ್ನ ಒಳಗ ಬಿಟ್ಟುಕೊಂಡಿದ್ದಕ್ಕೇ ಹಿಂಗಾತು. ಡಾಕ್ಟರ್ರ, ನಿಮ್ಮದು ಭಾಳ ಸಾದಾ ಸ್ವಭಾವ." ಡಾಕ್ಟರ್ರ ಎಂದದ್ದು ನನಗೆ.

ಅವಳ ಚೀಲ ರಸ್ತೆಗೆ ಬಿತ್ತು. ಭಂಕೂರಿನಲ್ಲೂ ಇರಗೊಡಲಿಲ್ಲ, ತಂಗಿಯ ಊರು ತೆಂಗಳಿಗೆ ಹೋದಳು. ಗಾಯ ಕಟ್ಟುವ ಕೆಲಸ ಅವಳಿಗೆ ಮತ್ತೆ ಯಾರೂ ಕೊಡಲಿಲ್ಲ. ಕಳೆ ಕೀಳಲು ಹೋಗುತ್ತಿದ್ದಳಂತೆ. ಡಾಕ್ಟರರು ತಿಂಗಳೊಳಗೆ, ಆರೋಗ್ಯ ಸರಿಯಿಲ್ಲ ಎಂದು ಹೇಳಿ ಬರುವುದು ಬಿಟ್ಟರು. ಹೋಗುವಾಗ ನನ್ನ ಮುಖ ನೋಡಲಿಲ್ಲ. ಬೇರೊಬ್ಬ ಡಾಕ್ಟರರ ಹೆಸರು ಬರೆಸಿದೆ. ದವಾಖಾನೆ ನಡೆಯಿತು. ಚೆನ್ನಾಗಿಯೇ ನಡೆಯಿತು.

ಹನ್ನೊಂದು ವರ್ಷದ ಮೇಲೆ ಬೇರೆ ಕೆಲಸಕ್ಕೆ ತೆಂಗಳಿಗೆ ಹೋದಾಗ ಅವಳು ಎದುರಾದಳು. ಕೂದಲು ಬೆಳ್ಳಗಾಗಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಅವಳು ನಡುವೆಯೇ ತಡೆದಳು.

"ನನ್ನ ಮುಂದ್ಯಾಕ ಹೇಳ್ತೀರಿ? ಅದರಾಗ ನನಗ ಗೊತ್ತಿಲ್ಲದ್ದೇನದ? ಹಣಮಂತನ ಮುಂದ ಹೇಳ್ರಿ. ಅವ ಇವತ್ತಿಗೂ ನನ್ನ ಹೆಸರು ತಗೊಂಡು ಬೈತಾನ."

ಅದಕ್ಕೂ ಒಂದು ವರ್ಷ ತಡ ಮಾಡಿದೆ. ಯಾಕೆಂದು ಕೇಳಬೇಡಿ, ಕೇಳಿದರೆ ಹೆದರಿಕೆ ಎನ್ನಬೇಕು, ಈ ವಯಸ್ಸಿಗೆ ಅದನ್ನೂ ಹೇಳಿಬಿಡುತ್ತೇನೆ — ಹೆದರಿಕೆ.

ಕಡೆಗೆ ಹೋದ ತಿಂಗಳು ಭಂಕೂರಿಗೆ ಹೋದೆ. ಹಣಮಂತ ಬಾಗಿಲಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. ಎದ್ದು, "ಬರ್ರಿ ಡಾಕ್ಟರ್ರ, ಕುಂದ್ರಿ," ಅಂದ. ನಾನು ಕೂಡಲಿಲ್ಲ. ನಿಂತೇ ಎಲ್ಲ ಹೇಳಿದೆ. ಅವನು ಹಗ್ಗದ ತುದಿಯನ್ನೇ ತಿರುವುತ್ತ ಕೇಳಿದ.

"ಆಕಿ ಅವ್ವ ಸತ್ತಾಗ," ಅಂದ, "ಮಣ್ಣಿಗಂತ ತೆಂಗಳಿಂದ ಬಂದಿದ್ದಳು. ಬಸ್ಸಿನ ಬಾಗಿಲಿಗೆ ಅಡ್ಡ ನಿಂತು ಇಳಿಗೊಡಲಿಲ್ಲ ನಾ. ಅದೇ ಬಸ್ಸಿನಾಗ ತಿರುಗಿ ಹೋದಳು. ಅವ್ವನ ಮಾರಿ ನೋಡಲಿಲ್ಲ. ನನ್ನ ಕಾಲು ಹೋಗಲಿ. ಇದನ್ನ ಏನು ಮಾಡಲಿ, ಹೇಳು."

ಹೇಳು, ಅಂದ. ಹೇಳ್ರಿ ಅನ್ನಲಿಲ್ಲ. ಹಗ್ಗವನ್ನು ಬದಿಗಿಟ್ಟ.

"ಆಕಿ ಮನಿ ತೋರಸು ನಡಿ."

ಬಸ್ಸಿನಲ್ಲಿ ನನ್ನ ಪಕ್ಕ ಜಾಗ ಇತ್ತು. ಅವನು ಕಂಬ ಹಿಡಿದು ಕುಂಟುಗಾಲಿನಲ್ಲಿ ನಿಂತೇ ಬಂದ. ತೆಂಗಳಿಯಲ್ಲಿ ಮನೆ ತೋರಿಸಿದೆ. ಅವನು ಹೊಸ್ತಿಲಲ್ಲಿ ನಿಂತು ಏನೋ ಅಂದ. ರಸ್ತೆಯಲ್ಲಿದ್ದ ನನಗೆ ಕೇಳಿಸಲಿಲ್ಲ. ಒಳಗೆ ಚಾಪೆ ಹಾಸಿದ ಸಪ್ಪಳ. ಅವನು ಕುಂಟುತ್ತ ಒಳಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಅವಳ ದನಿ:

"ಕಾಲು ಈ ಕಡೆ ಮಾಡು. ಎಲ್ಲಿ ಕೊಯ್ದಾರ, ತೋರಸು."

ನಾನು ಬಿಸಿಲಲ್ಲಿ ರಸ್ತೆಯ ಮೇಲೆ ನಿಂತಿದ್ದೆ. ಒಬ್ಬರೂ ಕರೆಯಲಿಲ್ಲ. ಕಾದು ನಿಲ್ಲುವುದಕ್ಕೂ ನನಗೆ ಅಲ್ಲಿ ಯಾವ ಕಾರಣ ಇರಲಿಲ್ಲ. ಆದರೂ ಅವನು ಹೊರಗೆ ಬರುವವರೆಗೆ ನಿಂತೇ ಇದ್ದೆ.